ಮಾಳಿಗೆ ಮೇಲಿನ ಸೋಲಾರಿಗೆ ತೆರಿಗೆ ರಿಯಾಯಿತಿ ಎಲ್ಲಿದೆ?

(ವಿಜಯಪುರದ ಬಡಾವಣೆಯೊಂದರ ಸಮುದಾಯ ಭವನದಲ್ಲಿ ಮನೆ ಮಾಲೀಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಹಿರಿಯರಿಗೆ, ತಾಯಂದಿರಿಗೆ, ಎಲ್ಲರಿಗೂ ಶರಣು.

ನಾನು ಆದಾಯ ತೆರಿಗೆ ರಿಟರ್ನ್ ತುಂಬಿಕೊಡುವ ಕೆಲಸ ಮಾಡುವವನು. ಸೋಲಾರ್ ಕಂಪನಿಯವನಲ್ಲ, ಸರ್ಕಾರದವನೂ ಅಲ್ಲ. ಇತ್ತೀಚೆಗೆ ನನ್ನ ಕಚೇರಿಗೆ ಬಂದವರು ಫಾರ್ಮ್ 16 ಮೇಜಿನ ಮೇಲಿಟ್ಟು ಕೂಡಲೇ ಕೇಳುತ್ತಾರೆ: "ಮಾಳಿಗಿ ಮ್ಯಾಲೆ ಸೋಲಾರ್ ಹಾಕಿಸೀನ್ರಿ ಸರ, ಟ್ಯಾಕ್ಸ್‌ನಾಗ ಎಷ್ಟು ಮಾಫಿ ಆಗ್ತದ?" ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಪಗಾರದವರಾಗಲಿ, ಪೆನ್ಷನ್‌ದಾರರಾಗಲಿ, ವಾಸದ ಮನೆಗೆ ಹಾಕಿಸಿದ ಸೋಲಾರಿಗೆ ಆದಾಯ ತೆರಿಗೆಯಲ್ಲಿ ಪ್ರತ್ಯೇಕ ರಿಯಾಯಿತಿ ಒಂದು ರೂಪಾಯಿಯೂ ಇಲ್ಲ. ರಿಟರ್ನ್ ಫಾರ್ಮಿನಲ್ಲಿ ಅದಕ್ಕೊಂದು ಕಲಮು ಇಲ್ಲ.

ಹಾಗಾದರೆ ಈ ಸುದ್ದಿ ಹುಟ್ಟಿದ್ದೆಲ್ಲಿ? ಎರಡು ಕಡೆಯಿಂದ ಬಂದಿದೆ. ಒಂದು, ಮನೆಮನೆಗೆ ಹಂಚಿದ ಕರಪತ್ರ. ಅಂಥದೊಂದು ನನ್ನ ಬಳಿಯೂ ಇದೆ. ಅದರಲ್ಲಿ "ಶೇ. 40 ತೆರಿಗೆ ಲಾಭ" ಎಂದು ದಪ್ಪಕ್ಷರದಲ್ಲಿದೆ. ಪಕ್ಕದಲ್ಲೊಂದು ನಕ್ಷತ್ರ ಚಿಹ್ನೆ, ಕೆಳಗೆ ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣಗೆ "ವಾಣಿಜ್ಯ ಬಳಕೆಗೆ ಮಾತ್ರ" ಎಂದಿದೆ. ನಿವೃತ್ತ ಮಾಸ್ತರರೊಬ್ಬರು ಅದನ್ನು ನಂಬಿ, ತೆರಿಗೆ ವಾಪಸ್ ಬರುತ್ತದೆಂದು ಲೆಕ್ಕ ಹಾಕಿ ಸಾಲ ಮಾಡಿದ್ದರು. ಅವರಿಗೆ ಕಟ್ಟುವ ತೆರಿಗೆಯೇ ಇರಲಿಲ್ಲ, ವಾಪಸ್ ಬರುವುದು ಎಲ್ಲಿಂದ? ಇಂಥ ಕರಪತ್ರ ಅಚ್ಚು ಹಾಕಿಸುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ.

ಎರಡನೆಯದು ಅಮೆರಿಕದಿಂದ ಬಂದ ಸುದ್ದಿ. ನಮ್ಮ ಓಣಿಯ ಎಷ್ಟೋ ಮಕ್ಕಳು ಅಲ್ಲಿದ್ದಾರೆ. ಅಲ್ಲಿ ಮನೆಗೆ ಸೋಲಾರ್ ಹಾಕಿಸಿದರೆ ಖರ್ಚಿನ ಶೇ. 30ರಷ್ಟನ್ನು ಕಟ್ಟಬೇಕಾದ ಆದಾಯ ತೆರಿಗೆಯಲ್ಲಿ ನೇರವಾಗಿ ಕಳೆಯುತ್ತಿದ್ದರು. 2005ರ ಕಾನೂನಿನಂತೆ 2006ರಲ್ಲಿ ಅದು ಶುರುವಾದಾಗ ಗರಿಷ್ಠ ಮಿತಿ 2,000 ಡಾಲರ್ ಇತ್ತು, 2009ರಿಂದ ಆ ಮಿತಿಯನ್ನೂ ತೆಗೆದರು. ಮಾಮೂಲಿ ಫಲಕಗಳಷ್ಟೇ ಅಲ್ಲ, ಹಂಚಿನ ಹಾಗೆ ಛಾವಣಿಗೇ ಹೊದಿಸುವ ಸೋಲಾರ್ ಹಂಚುಗಳಿಗೂ ಅದು ಸಿಗುತ್ತಿತ್ತು. ಹಂಚಿನ ಕೆಳಗಿನ ತೊಲೆ, ಜಂತಿಯ ಖರ್ಚಿಗೆ ಮಾತ್ರ ಸಿಗುತ್ತಿರಲಿಲ್ಲ. 2022ರ ಕಾನೂನು ಈ ಸವಲತ್ತನ್ನು 2032ರ ತನಕ ಶೇ. 30ರಲ್ಲೇ ಇಡುವುದಾಗಿ ಹೇಳಿತ್ತು. ಆದರೆ 2025ರ ಜುಲೈನಲ್ಲಿ ಬಂದ ಹೊಸ ಕಾನೂನು ಅದನ್ನು 2025ರ ಡಿಸೆಂಬರ್ 31ಕ್ಕೆ ಮುಗಿಸಿತು. ವಾಟ್ಸಾಪಿನಲ್ಲಿ ಹಳೆಯ ವಿಡಿಯೋ ಇನ್ನೂ ಓಡಾಡುತ್ತಿದೆ, ಅದು ಹೇಳುವ ಸವಲತ್ತು ಅಲ್ಲೂ ಈಗ ಇಲ್ಲ.

ನಮ್ಮಲ್ಲೂ ಅಂಥ ರಿಯಾಯಿತಿ ಬೇಕಿತ್ತು ಎನ್ನುವವರಿಗೆ ಒಂದು ಮಾತು ಹೇಳಬೇಕು. ಅಮೆರಿಕದ ಸವಲತ್ತು ತೆರಿಗೆ ಕಟ್ಟುವವನಿಗೆ ಮಾತ್ರ ದಕ್ಕುತ್ತಿತ್ತು. ತೆರಿಗೆ ಬಾಕಿಗಿಂತ ಹೆಚ್ಚಾದ ಹಣವನ್ನು ಕೈಗೆ ಕೊಡುತ್ತಿರಲಿಲ್ಲ, ಮುಂದಿನ ವರ್ಷದ ತೆರಿಗೆಗೆ ಹೊಂದಿಸಿಕೊಳ್ಳಬೇಕಿತ್ತು. ಅದೇ ಪದ್ಧತಿಯನ್ನು ನಮ್ಮ ಜಿಲ್ಲೆಗೆ ತಂದರೆ ಏನಾಗುತ್ತದೆ ನೋಡಿ. ತಿಕೋಟಾದ ದ್ರಾಕ್ಷಿ ಬೆಳೆಗಾರ, ಇಂಡಿಯ ನಿಂಬೆ ಬೆಳೆಗಾರ, ಇವರ ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲ. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯದವರು, ಪಗಾರದವರಾದರೆ 12 ಲಕ್ಷ 75 ಸಾವಿರದವರೆಗಿನವರು, ತೆರಿಗೆ ಕಟ್ಟಬೇಕಾಗಿಲ್ಲ. ಈ ಸಭೆಯಲ್ಲಿ ಕುಳಿತ ಹೆಚ್ಚಿನವರು ಅದರೊಳಗೇ ಬರುತ್ತೀರಿ. ತೆರಿಗೆ ರಿಯಾಯಿತಿ ಕೊಟ್ಟರೆ ಅದರ ಲಾಭ ದೊಡ್ಡ ಡಾಕ್ಟರಿಗೆ, ದೊಡ್ಡ ಸಾಹುಕಾರರಿಗೆ ಸಿಗುತ್ತದೆ, ಬಾಕಿಯವರಿಗೆ ಸೊನ್ನೆ. ರೊಕ್ಕವನ್ನು ಸಹಾಯಧನವಾಗಿ ಬ್ಯಾಂಕ್ ಖಾತೆಗೆ ಹಾಕುವ ನಮ್ಮ ದಾರಿಯೇ ಹೆಚ್ಚು ನ್ಯಾಯದ್ದು ಎಂದು ತೆರಿಗೆ ಕೆಲಸದಲ್ಲೇ ಜೀವನ ಕಳೆದ ನಾನು ಹೇಳುತ್ತೇನೆ.

ಆ ಸಹಾಯಧನ ಎಷ್ಟು? ಪಿಎಂ ಸೂರ್ಯ ಘರ್ ಮುಫ್ತ್ ಬಿಜಲಿ ಯೋಜನೆಗೆ ಕೇಂದ್ರ ಸಂಪುಟ 2024ರ ಫೆಬ್ರುವರಿ 29ರಂದು ಒಪ್ಪಿಗೆ ಕೊಟ್ಟಿತು. 75,021 ಕೋಟಿ ರೂಪಾಯಿ, ಒಂದು ಕೋಟಿ ಮನೆಗಳ ಗುರಿ, ಅವಧಿ 2026-27ರವರೆಗೆ. 1 ಕಿಲೋವ್ಯಾಟ್‌ಗೆ 30,000, 2 ಕಿಲೋವ್ಯಾಟ್‌ಗೆ 60,000, ಮೂರು ಅಥವಾ ಅದಕ್ಕಿಂತ ಹೆಚ್ಚಿಗೆ ಎಷ್ಟೇ ಹಾಕಿಸಿದರೂ 78,000. ಹಾಗಾಗಿ 5 ಕಿಲೋವ್ಯಾಟ್ ಹಾಕಿಸಿದರೆ ಸಹಾಯಧನವೂ ಅಷ್ಟು ಪಟ್ಟು ಹೆಚ್ಚುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಫಲಕಗಳು ಭಾರತದಲ್ಲೇ ತಯಾರಾದ ಕೋಶಗಳಿಂದ ಮಾಡಿದವಾಗಿರಬೇಕು. ಅಗ್ಗವೆಂದು ಬೇರೆ ಫಲಕ ಹಾಕಿಸಿದರೆ 78,000 ಕೈತಪ್ಪುತ್ತದೆ. ಕೊಟೇಶನ್‌ನಲ್ಲಿ ದೇಶೀ ಫಲಕದ ಗುರುತಾದ ಡಿಸಿಆರ್ ಎಂಬ ಮೂರಕ್ಷರ ಇದೆಯೇ ನೋಡಿಕೊಳ್ಳಿ.

ಈ ಸಹಾಯಧನವನ್ನು ಆದಾಯವೆಂದು ತೋರಿಸಿ ತೆರಿಗೆ ಕಟ್ಟಬೇಕೇ ಎಂಬ ಅಂಜಿಕೆ ಕೆಲವರಿಗಿದೆ. ಬೇಕಾಗಿಲ್ಲ. 2015ರಲ್ಲಿ ಗ್ಯಾಸ್ ಸಬ್ಸಿಡಿಯ ಬಗ್ಗೆ ಇದೇ ಗೊಂದಲ ಎದ್ದಾಗ, ವ್ಯಕ್ತಿಗಳು ಸ್ವಂತಕ್ಕೆ ಪಡೆಯುವ ಇಂಥ ಕಲ್ಯಾಣ ಸಹಾಯಧನಕ್ಕೆ ತೆರಿಗೆ ಇಲ್ಲವೆಂದು ಕೇಂದ್ರ ಸ್ಪಷ್ಟಪಡಿಸಿತ್ತು.

ಈಗ ತೆರಿಗೆ ನಿಜವಾಗಿಯೂ ಕಡಿಮೆಯಾಗಿರುವ ಜಾಗಕ್ಕೆ ಬರೋಣ. ಅದು ಜಿಎಸ್‌ಟಿ. 2021ರ ಅಕ್ಟೋಬರ್‌ನಲ್ಲಿ ಸೋಲಾರ್ ಸಾಮಾನಿನ ಮೇಲಿನ ಜಿಎಸ್‌ಟಿಯನ್ನು ಶೇ. 5ರಿಂದ 12ಕ್ಕೆ ಏರಿಸಿದ್ದರು, 2025ರ ಸೆಪ್ಟೆಂಬರ್ 22ರಿಂದ ಮತ್ತೆ 5ಕ್ಕೆ ಇಳಿಸಿದರು. ಆದರೆ ನಿಮ್ಮ ಬಿಲ್ಲಿಗೆ ಬರೀ 5 ಬೀಳುವುದಿಲ್ಲ. ಸಾಮಾನು ಕೊಟ್ಟು, ಜೋಡಿಸಿಯೂ ಕೊಡುವ ಒಪ್ಪಂದದಲ್ಲಿ ಒಟ್ಟು ಮೊತ್ತದ ಶೇ. 70ನ್ನು ಸಾಮಾನು, ಶೇ. 30ನ್ನು ಸೇವೆ ಎಂದು ಹಿಡಿಯುತ್ತಾರೆ. ಸೇವೆಗೆ ಶೇ. 18. ಎರಡೂ ಕೂಡಿಸಿದರೆ ಶೇ. 8.9 ಆಗುತ್ತದೆ, ಮೊದಲು 13.8 ಆಗುತ್ತಿತ್ತು. ತೆರಿಗೆ ಬಿಟ್ಟು 1,70,000 ರೂಪಾಯಿಯ ಕೆಲಸಕ್ಕೆ ಮೊದಲು 23,460 ತೆರಿಗೆ, ಈಗ 15,130. ಉಳಿದದ್ದು 8,330. ಹಳೆಯ ದರದ ಕೊಟೇಶನ್ ಹಿಡಿದು ಬಂದವರನ್ನು ಈ ಲೆಕ್ಕ ಕೇಳಿ. "ಬಿಲ್ ಬ್ಯಾಡಂದ್ರ ಇನ್ನೂ ಕಡಿಮಿ ಮಾಡ್ತೀನ್ರಿ" ಎನ್ನುವವರು ಸಿಗುತ್ತಾರೆ, ಅವರ ಸಹವಾಸ ಬೇಡ. ಬಿಲ್ ಇಲ್ಲದಿದ್ದರೆ ಮುಂದೆ ಇನ್ವರ್ಟರ್ ಕೆಟ್ಟಾಗ ವಾರಂಟಿ ಕೇಳಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಇದಕ್ಕಿಂತ ದೊಡ್ಡ ಲಾಭ ನಿಮ್ಮ ಲೈಟ್ ಬಿಲ್ಲಿನಲ್ಲೇ ಇದೆ. ಒಂದು ಬಿಲ್ ತಗೊಳ್ಳೋಣ. ತಿಂಗಳಿಗೆ 350 ಯೂನಿಟ್ ಸುಡುವ ಮನೆ, ಮಂಜೂರಾದ ಲೋಡ್ 3 ಕಿಲೋವ್ಯಾಟ್. 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರ ಹಿಡಿಯುತ್ತೇನೆ. ಮೊದಲ ಸಾಲು ನಿಗದಿತ ಶುಲ್ಕ, ಕಿಲೋವ್ಯಾಟ್‌ಗೆ 145 ರೂಪಾಯಿಯಂತೆ 435. ಸೋಲಾರ್ ಹಾಕಿಸಿದರೂ ಇದು ಹೋಗುವುದಿಲ್ಲ, ಬಿಲ್ ಸೊನ್ನೆ ಆಗುತ್ತದೆಂದು ಹೇಳಿದವರು ಇದನ್ನು ಹೇಳಿರುವುದಿಲ್ಲ. ಎರಡನೆಯದು ವಿದ್ಯುತ್ ಶುಲ್ಕ, ಯೂನಿಟ್‌ಗೆ 5 ರೂಪಾಯಿ 80 ಪೈಸೆಯಂತೆ 2,030. ಮೂರನೆಯದು ಪೆನ್ಷನ್ ಮತ್ತು ಗ್ರಾಚುಯಿಟಿ ಸರ್‌ಚಾರ್ಜ್, ಯೂನಿಟ್‌ಗೆ 36 ಪೈಸೆಯಂತೆ 126. ಅದರ ಕೆಳಗೆ ತೆರಿಗೆ, ಶೇ. 9. ಇದು ರಾಜ್ಯ ಸರ್ಕಾರದ ವಿದ್ಯುತ್ ತೆರಿಗೆ. ನಾವು ಯಾರೂ ಈ ಸಾಲನ್ನು ಓದುವುದಿಲ್ಲ. ಆದಾಯ ತೆರಿಗೆ ಕಟ್ಟದ ಮನೆಯೂ ಇದನ್ನು ಪ್ರತಿ ತಿಂಗಳು ಕಟ್ಟುತ್ತದೆ.

3 ಕಿಲೋವ್ಯಾಟ್ ಸೋಲಾರ್ ನಮ್ಮ ಬಿಸಿಲಿಗೆ ದಿನಕ್ಕೆ ಸರಾಸರಿ 12 ಯೂನಿಟ್ ಕೊಡುತ್ತದೆ. ಶ್ರಾವಣದ ಮೋಡ, ಬೇಸಿಗೆಯ ಧೂಳು ಎಲ್ಲ ಕಳೆದು ಹುಷಾರಾಗಿ ತಿಂಗಳಿಗೆ 300 ಎಂದೇ ಹಿಡಿಯೋಣ. ಆ 300 ಯೂನಿಟ್‌ಗೆ ಶುಲ್ಕ 1,740, ಸರ್‌ಚಾರ್ಜ್ 108, ಶುಲ್ಕದ ಮೇಲಿನ ತೆರಿಗೆ ಸುಮಾರು 157, ಒಟ್ಟು 2,000ದ ಆಸುಪಾಸು ಉಳಿಯಿತು. ವರ್ಷಕ್ಕೆ 24,000. ತೆರಿಗೆ ಸೇರಿ 1,90,000 ಖರ್ಚಾಗಿ 78,000 ಸಹಾಯಧನ ಬಂದರೆ ನಿಮ್ಮ ಕೈಯಿಂದ ಹೋದದ್ದು 1,12,000. ಐದು ವರ್ಷ ತುಂಬುವುದರೊಳಗೆ ಅಸಲು ಬಂತು.

ಇಲ್ಲಿ ಒಂದು ಸೂಕ್ಷ್ಮವಿದೆ, ನಾನು ಬಂದಿರುವುದೇ ಇದನ್ನು ಹೇಳಲಿಕ್ಕೆ. ಅದೇ 1,12,000ವನ್ನು ಶೇ. 7ರ ಠೇವಣಿಯಲ್ಲಿಟ್ಟರೆ ವರ್ಷಕ್ಕೆ 7,840 ಬಡ್ಡಿ. ಆ ಬಡ್ಡಿ ನಿಮ್ಮ ಆದಾಯಕ್ಕೆ ಸೇರುತ್ತದೆ, ಶೇ. 30ರ ದರದವರಿಗೆ ಅದರಲ್ಲಿ 2,350 ರೂಪಾಯಿ ತೆರಿಗೆಗೇ ಹೋಗುತ್ತದೆ. ಮಾಳಿಗೆಯ ಮೇಲೆ ಉಳಿದ 24,000ಕ್ಕೆ ಯಾವ ತೆರಿಗೆಯೂ ಇಲ್ಲ, ಯಾಕೆಂದರೆ ಅದು ಗಳಿಕೆ ಅಲ್ಲ, ಆಗದೆ ಹೋದ ಖರ್ಚು. ಠೇವಣಿಯ ಅಸಲು ಕೊನೆಗೆ ವಾಪಸ್ ಬರುತ್ತದೆ, ಫಲಕದ್ದು ಬರುವುದಿಲ್ಲ, ಅದು ನಿಜ. ಆದರೆ ಐದು ವರ್ಷದಲ್ಲಿ ಅಸಲೇ ತೀರುತ್ತದೆ, ಫಲಕಗಳ ಉತ್ಪಾದನೆಗೆ 25 ವರ್ಷದ ವಾರಂಟಿ ಕೊಡುತ್ತಾರೆ. ನಡುವೆ ಒಮ್ಮೆ ಇನ್ವರ್ಟರ್ ಬದಲಿಸುವ ಖರ್ಚು ಇಟ್ಟುಕೊಳ್ಳಿ.

ಹಗಲು ಉಳಿದ ವಿದ್ಯುತ್ತು ನಮ್ಮ ಭಾಗದ ವಿದ್ಯುತ್ ಕಂಪನಿ ಹೆಸ್ಕಾಂನ ತಂತಿಗೆ ಹೋಗುತ್ತದೆ, ರಾತ್ರಿ ನಮಗೆ ಬೇಕಾದದ್ದು ಅಲ್ಲಿಂದ ಬರುತ್ತದೆ. ನೆಟ್ ಮೀಟರ್ ಎಂದರೆ ನಮ್ಮ ಹಳೆಯ ಹಗೇವು (ನೆಲದೊಳಗೆ ಕಾಳು ಕೂಡಿಡುವ ಕುಣಿ) ಇದ್ದ ಹಾಗೆ, ಹಾಕಿದ್ದು ತೆಗೆದದ್ದು ಲೆಕ್ಕ ಹಾಕುತ್ತದೆ. ಆದರೆ ಕೊನೆಗೆ ಹೆಚ್ಚಾಗಿ ಉಳಿದ ಯೂನಿಟ್‌ಗೆ ಹೆಸ್ಕಾಂ ಕೊಡುವ ದರ, ನೀವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ. ಮಾರಿ ಗಳಿಸುವ ಆಸೆಗೆ ದೊಡ್ಡದು ಹಾಕಿಸಬೇಡಿ. ಮನೆಗೆ ಬೇಕಾದಷ್ಟು ಹಾಕಿಸಿ.

ಇನ್ನು ಗೃಹಜ್ಯೋತಿ. 2023ರ ಜುಲೈನಿಂದ 200 ಯೂನಿಟ್‌ವರೆಗೆ ಹಳೆಯ ಸರಾಸರಿಯ ಲೆಕ್ಕದಲ್ಲಿ ಬಿಲ್ ಉಚಿತವಾಗಿದೆ. ತಿಂಗಳಿಗೆ 90, 120 ಯೂನಿಟ್ ಬಳಸಿ ಸೊನ್ನೆ ಬಿಲ್ ಪಡೆಯುವ ಮನೆಯವರು ಸೋಲಾರಿಗೆಂದು ಸಾಲ ಮಾಡಬಾರದು. ಇದನ್ನು ಸೋಲಾರ್ ಮಾರುವವರು ನಿಮಗೆ ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ. ವರ್ಷವಿಡೀ 170, 180ರಲ್ಲಿದ್ದು ಏಪ್ರಿಲ್, ಮೇ ತಿಂಗಳಲ್ಲಿ ಕೂಲರ್ ಹಾಕಿ 200 ದಾಟಿ ಪೂರ್ತಿ ಬಿಲ್ ಕಟ್ಟುವವರೂ ನಮ್ಮಲ್ಲಿ ಬಹಳ. ಅವರಿಗೆ ಮೊದಲ ಮದ್ದು ಫ್ಯಾನ್ ಬದಲಾಯಿಸುವುದು. ಹಳೆಯ ಫ್ಯಾನ್ 75 ವ್ಯಾಟ್ ತಿಂದರೆ ಬಿಎಲ್‌ಡಿಸಿ ಫ್ಯಾನ್ 30ರ ಸುತ್ತ ತಿನ್ನುತ್ತದೆ. ಎಸಿ ಇರುವ, ಎರಡು ಸಂಸಾರ ಕೂಡಿ ಬಾಳುವ, ಬೋರ್‌ವೆಲ್ ಮೋಟಾರ್ ಓಡುವ ಮನೆಗಳಿಗೆ ಸೋಲಾರ್ ನಿಸ್ಸಂಶಯವಾಗಿ ಲಾಭ.

ಆ ಕರಪತ್ರದ ಶೇ. 40 ಯಾರಿಗೆ ಎಂಬುದನ್ನೂ ಹೇಳಬೇಕು. ವ್ಯಾಪಾರ, ಕೈಗಾರಿಕೆ ಮಾಡುವವರು ತಮ್ಮ ಉದ್ಯೋಗಕ್ಕೆ ಹಾಕಿಸಿದ ಸೋಲಾರಿನ ಬೆಲೆಯಲ್ಲಿ ವರ್ಷಕ್ಕೆ ಶೇ. 40ನ್ನು ಸವಕಳಿ (ಬಳಕೆಯಿಂದ ತಗ್ಗಿದ ಬೆಲೆ) ಎಂದು ಲಾಭದಿಂದ ಕಳೆಯಬಹುದು. 2017ರ ಮಾರ್ಚ್‌ವರೆಗೆ ಇದು ಶೇ. 80 ಇತ್ತು. 3 ಲಕ್ಷದ ಸೋಲಾರಿಗೆ ಮೊದಲ ವರ್ಷ 1,20,000, ಎರಡನೇ ವರ್ಷ ಉಳಿದ 1,80,000ದ ಶೇ. 40, ಅಂದರೆ 72,000, ಹೀಗೆ ಇಳಿಯುತ್ತ ಹೋಗುತ್ತದೆ. ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ ಮಾತ್ರ. ರಬಕವಿ-ಬನಹಟ್ಟಿಯ ಮಗ್ಗದ ಮಾಲೀಕರಿಗೆ, ಬೆಳಗಾವಿಯ ಫೌಂಡ್ರಿಯವರಿಗೆ ಇದು ದೊಡ್ಡ ಸವಲತ್ತು. ಆದರೆ ವಹಿವಾಟಿನ ಮೇಲೆ ಅಂದಾಜು ಲಾಭ ತೋರಿಸಿ ಸರಳವಾಗಿ ರಿಟರ್ನ್ ತುಂಬುವ ಸಣ್ಣ ಅಂಗಡಿಕಾರರಿಗೆ ಇದು ಬೇರೆಯಾಗಿ ಸಿಗುವುದಿಲ್ಲ, ಆ ಅಂದಾಜಿನಲ್ಲೇ ಸವಕಳಿ ಸೇರಿದೆ ಎಂದು ಕಾನೂನು ಭಾವಿಸುತ್ತದೆ.

ಮನೆ ಬಾಡಿಗೆಗೆ ಕೊಟ್ಟವರಿಗೂ ಹೀಗೆಯೇ. ಬಾಡಿಗೆ ಆದಾಯದಲ್ಲಿ ಶೇ. 30ನ್ನು ರಿಪೇರಿ ಮುಂತಾದ ಖರ್ಚಿಗೆಂದು ಕಳೆಯುತ್ತಾರಲ್ಲ, ಸೋಲಾರ್ ಹಾಕಿಸಿದರೂ ಅಷ್ಟೇ, ಹಾಕಿಸದಿದ್ದರೂ ಅಷ್ಟೇ. ಹೊಸ ಮನೆ ಕಟ್ಟುವವರು ಸೋಲಾರ್ ಖರ್ಚನ್ನೂ ಗೃಹಸಾಲದ ಅಂದಾಜುಪಟ್ಟಿಯಲ್ಲೇ ಸೇರಿಸಿದರೆ, ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ 2 ಲಕ್ಷದ ಬಡ್ಡಿ ಮಿತಿಯೊಳಗೆ ಅದೂ ಬರುತ್ತದೆ. ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ರಿಯಾಯಿತಿಯೇ ಇಲ್ಲ.

ಇಷ್ಟು ಹೇಳಿ ಪ್ರಶ್ನೆಗಳಿಗೆ ಬಿಟ್ಟೆ.

ಮುಂದಿನ ಸಾಲಿನ ಅಕ್ಕ ಒಬ್ಬರು ಎದ್ದರು. "ಲೈಟ್ ಬಿಲ್ ಇನ್ನೂ ನಮ್ಮ ಮಾವನವರ ಹೆಸರಲೇ ಬರ್ತದ್ರಿ. ಅವರು ತೀರಿ ಎಂಟು ವರ್ಷ ಆತು. ಉತಾರದಾಗೂ ಅವರ ಹೆಸರೇ ಐತಿ. ಸಬ್ಸಿಡಿ ಬರ್ತದ?"

ಅವ್ವಾರ, ನಮ್ಮ ಭಾಗದಲ್ಲಿ ಸೋಲಾರಿಗೆ ಅತಿ ದೊಡ್ಡ ಅಡ್ಡಿ ಇದೇ. ಲೈಟ್ ಬಿಲ್ಲಿನಲ್ಲಿರುವ ಗ್ರಾಹಕರ ಖಾತೆಗೇ ಸಹಾಯಧನ ಬರುವುದು, ಬಿಲ್ಲಿನ ಹೆಸರು ಬ್ಯಾಂಕ್ ಖಾತೆಯ ಹೆಸರಿಗೆ ಹೊಂದಬೇಕು. ತೀರಿಹೋದವರ ಹೆಸರಲ್ಲಿ ಅರ್ಜಿ ಹಾಕಿದರೆ ಫಲಕ ಮಾಳಿಗೆ ಏರಿದ ಮೇಲೂ ರೊಕ್ಕ ಅಲ್ಲೇ ನಿಲ್ಲುತ್ತದೆ. ಮೊದಲು ವಾರಸಾ ಮಾಡಿಸಿ ಉತಾರದಲ್ಲಿ, ಅಂದರೆ ಆಸ್ತಿಯ ದಾಖಲೆಯಲ್ಲಿ, ಹೆಸರು ಏರಿಸಿ, ಆಮೇಲೆ ಆ ಉತಾರ ಹಚ್ಚಿ ಹೆಸ್ಕಾಂ ಉಪವಿಭಾಗದಲ್ಲಿ ಆರ್‌.ಆರ್‌. ನಂಬರಿನ (ಮೀಟರ್ ಸಂಪರ್ಕದ ಸಂಖ್ಯೆಯ) ಹೆಸರು ಬದಲಿಸಿ, ಕೊನೆಗೆ ಸೋಲಾರ್ ಅರ್ಜಿ. ಅಣ್ಣ ತಮ್ಮಂದಿರ ಸಹಿ ಬೇಕಾಗುವ ಕೆಲಸ ಇದು, ಬೇಗ ಆಗುವುದಿಲ್ಲ. ಯೋಜನೆಯ ಅವಧಿ ಮುಗಿಯುವ ಮೊದಲು ಆಗಬೇಕಾದರೆ ಇವತ್ತೇ ಶುರು ಮಾಡಬೇಕು.

"ಕೆಳಗ ಕಿರಾಣಿ ಅಂಗಡಿ, ಮ್ಯಾಲೆ ಮನಿ. ನಾ ಎರಡೂ ಲಾಭ ತಗೋಬಹುದಾ?" ಎಂದರು ಒಬ್ಬರು. ಮೀಟರ್ ಯಾವುದು ಎಂಬುದೇ ಉತ್ತರ. ಮನೆಯ ಮೀಟರಿಗೆ ಜೋಡಿಸಿದರೆ ಸಹಾಯಧನ ಸಿಗುತ್ತದೆ, ಸವಕಳಿ ಇಲ್ಲ. ಅಂಗಡಿ ಮೀಟರಿಗೆ ಜೋಡಿಸಿದರೆ ಸವಕಳಿ ತೋರಿಸಬಹುದು, ಸಹಾಯಧನ ಇಲ್ಲ. ಒಂದೇ ಸೋಲಾರಿಗೆ ಎರಡನ್ನೂ ಪಡೆಯುವ ಉಪಾಯ ಹೇಳಿಕೊಡುವವರು ನಿಮ್ಮನ್ನು ನೋಟಿಸಿಗೆ ತಳ್ಳುತ್ತಾರೆ.

ಕರೆಂಟ್ ಹೋದಾಗ ಸೋಲಾರ್ ಯಾಕೆ ಬಂದಾಗುತ್ತದೆ ಎಂದು ಒಬ್ಬ ಹುಡುಗ ಕೇಳಿದ. ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮಾಳಿಗೆಯ ವಿದ್ಯುತ್ತು ಹೊಡೆಯಬಾರದು, ಅದಕ್ಕೆ. ಬ್ಯಾಟರಿ ಇಲ್ಲದ ವ್ಯವಸ್ಥೆ ಗ್ರಿಡ್ ಜೊತೆಗೇ ನಿಲ್ಲುತ್ತದೆ. ಬ್ಯಾಟರಿಯ ಖರ್ಚಿಗೆ ಮೇಲೆ ಹೇಳಿದ ಸಹಾಯಧನ ಹೆಚ್ಚಾಗುವುದಿಲ್ಲ.

ಫಲಕ ತೊಳೆಯುವ ಬಗ್ಗೆಯೂ ಮಾತು ಬಂತು. ನಮ್ಮ ಬೋರಿನ ಗಡಸು ನೀರು ಸುರಿದು ಹಾಗೇ ಬಿಟ್ಟರೆ ಗಾಜಿನ ಮೇಲೆ ಬಿಳಿ ಕಲೆ ಕೂಡುತ್ತದೆ, ಒಣ ಬಟ್ಟೆಯಿಂದ ಒರೆಸಲೇಬೇಕು. ನೀರು ಹಾಕುವುದು ಬೆಳಗಿನ ತಂಪು ಹೊತ್ತಿನಲ್ಲಿ. 42 ಡಿಗ್ರಿ ಬಿಸಿಲಲ್ಲಿ ಉತ್ಪಾದನೆ ಹೆಚ್ಚುತ್ತದೆಂಬುದು ತಪ್ಪು ತಿಳಿವಳಿಕೆ, ಕಾದಷ್ಟೂ ಫಲಕದ ಶಕ್ತಿ ತಗ್ಗುತ್ತದೆ. ಅದಕ್ಕೆ ಫಲಕದ ಕೆಳಗೆ ಗಾಳಿ ಆಡುವಷ್ಟು ಎತ್ತರ ಬಿಡಿ. ಮಣ್ಣಿನ ಮೇಲ್ಮುದ್ದಿ ಮನೆಯವರು ಮೊದಲು ತೊಲೆ, ಜಂತಿ ತಡೆಯುತ್ತವೆಯೇ ಎಂದು ಗೌಂಡಿಗೆ ತೋರಿಸಿ. 3 ಕಿಲೋವ್ಯಾಟ್‌ಗೆ ಸುಮಾರು 300 ಚದರ ಅಡಿ ಜಾಗ ಬೇಕು, ನೆರಳು ಬೀಳುವ ನೀರಿನ ಟಾಕಿ ಪಕ್ಕದಲ್ಲಿ ಇರಬಾರದು.

ಕೊನೆಗೆ ಒಬ್ಬ ಹಿರಿಯರು, "ಕೇಂದ್ರ ಕೊಡ್ತು, ಪಾಲಿಕೆಯವರು ಏನೂ ಕೊಡಬಾರದೇನ್ರಿ?" ಎಂದರು. ಕೊಡಬೇಕು ಎಂಬುದು ನನ್ನ ಬೇಡಿಕೆಯೂ ಹೌದು. ಪುಣೆ ಮಹಾನಗರ ಪಾಲಿಕೆ ಸೋಲಾರ್, ಮಳೆನೀರು ಕೊಯ್ಲು, ಎರೆಗೊಬ್ಬರ ಮಾಡಿಕೊಂಡ ಮನೆಗಳಿಗೆ ಆಸ್ತಿ ತೆರಿಗೆಯಲ್ಲಿ ಶೇ. 5ರಿಂದ 10ರವರೆಗೆ ಬಿಡುತ್ತದೆ. ಬಿಸಿನೀರಿನ ಸೋಲಾರ್ ಇದ್ದ ಮನೆಗೆ ಲೈಟ್ ಬಿಲ್ಲಿನಲ್ಲಿ ತಿಂಗಳಿಗೆ 50 ರೂಪಾಯಿಯವರೆಗೆ ಬಿಡುವ ಪದ್ಧತಿಯನ್ನು ನಮ್ಮ ರಾಜ್ಯವೇ ಬಹಳ ಹಿಂದೆ ತಂದಿತ್ತು. ಏಪ್ರಿಲ್‌ನಲ್ಲೇ ಆಸ್ತಿ ತೆರಿಗೆ ಕಟ್ಟಿದವರಿಗೆ ಶೇ. 5 ಬಿಡುವುದು ನಮಗೆಲ್ಲ ಗೊತ್ತಿದೆ. ಮಾಳಿಗೆ ಮೇಲೆ ವಿದ್ಯುತ್ ತಯಾರಿಸುವ ಮನೆಗೂ ಅಷ್ಟೇ ಬಿಡಿ ಎಂದು ಕೇಳುವುದರಲ್ಲಿ ತಪ್ಪೇನಿದೆ? ಆದಾಯ ತೆರಿಗೆ ಎಲ್ಲರೂ ಕಟ್ಟುವುದಿಲ್ಲ, ಆಸ್ತಿ ತೆರಿಗೆ ಪ್ರತಿ ಮನೆಯೂ ಕಟ್ಟುತ್ತದೆ. ಈ ರಿಯಾಯಿತಿ ಎಲ್ಲರಿಗೂ ತಲುಪುತ್ತದೆ.

ಪಾಲಿಕೆ ಆಯುಕ್ತರಿಗೆ ಒಂದು ಪುಟದ ಮನವಿ ಬರೆದು ತಂದಿದ್ದೇನೆ. ಬಾಗಿಲ ಪಕ್ಕದ ಮೇಜಿನ ಮೇಲಿದೆ. ಓದಿ ಒಪ್ಪಿಗೆಯಾದವರು ಸಹಿಯ ಜೊತೆ ನಿಮ್ಮ ಮನೆಯ ಆಸ್ತಿ ಸಂಖ್ಯೆಯನ್ನೂ ಬರೆಯಿರಿ, ಸಂಖ್ಯೆ ಇಲ್ಲದ ಸಹಿಯನ್ನು ಕಚೇರಿಯಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ.